ಸೆಸ್ಸು ನಮ್ಮದು, ಬೀಗ ಯಾರದು?

ಅಂಗಡಿ ಕಂದಾಯದ ರಸೀದಿಯನ್ನು ಒಮ್ಮೆ ಸರಿಯಾಗಿ ನೋಡಿ ಸ್ವಾಮಿ. ಅದರಲ್ಲಿ ಗ್ರಂಥಾಲಯ ಸೆಸ್ಸೂ ಸೇರಿರುತ್ತೆ. 1965ರ ಗ್ರಂಥಾಲಯ ಕಾಯ್ದೆ ಪ್ರಕಾರ ಆಸ್ತಿ ತೆರಿಗೆಯ ರೂಪಾಯಿಗೆ 6 ಪೈಸೆ. ಗ್ರಂಥಾಲಯದ ಮೆಟ್ಟಿಲು ಹತ್ತದವರೂ ಇದನ್ನು ಕಟ್ಟಲೇಬೇಕು. ಅಂದಮೇಲೆ ಅಲ್ಲಿ ಏನು ನಡೀತಿದೆ ಅಂತ ಕೇಳೋ ಹಕ್ಕೂ ಉಂಟು.

ಮೊನ್ನೆ ಬಸ್ ಸ್ಟ್ಯಾಂಡ್ ಪಕ್ಕದ ಬಟ್ಟೆ ಅಂಗಡಿ ಯಜಮಾನರು ತಡೆದು ನಿಲ್ಲಿಸಿದರು. "ನೋಡ್ರೀ, ಮಗಳು ಎಂ.ಎಸ್ಸಿ. ಓದ್ತಿದಾಳೆ. ಇಂಟರ್‌ನೆಟ್‌ನಲ್ಲಿ ಒಂದೇ ಒಂದು ಲೇಖನ ಓದೋಕೆ ಎರಡೂವರೆ ಸಾವಿರ ಕೇಳ್ತಾರಂತೆ. ಅಷ್ಟಕ್ಕೆ ಒಳ್ಳೇ ಸೀರೆ ಬರುತ್ತಲ್ರೀ!"

ಅವರ ಮಾತು ಸುಳ್ಳಲ್ಲ. ವಿದೇಶಿ ಸಂಶೋಧನಾ ಪತ್ರಿಕೆಗಳು ಲೇಖನವೊಂದಕ್ಕೆ 30 ಡಾಲರಿಗೂ ಮೇಲೆ ಕೇಳುವುದು ಮಾಮೂಲು. ಕೊಡದಿದ್ದರೆ ಬೀಗ.

ಆದರೆ ಅಂಥ ಎಷ್ಟೋ ಲೇಖನಗಳ ಪ್ರತಿಯನ್ನು ಬರೆದವರೇ ವಿಶ್ವವಿದ್ಯಾಲಯದ ಭಂಡಾರದಲ್ಲಿ ಕಾನೂನುಬದ್ಧವಾಗಿ, ಬಿಟ್ಟಿಯಾಗಿ ಇಟ್ಟಿರುತ್ತಾರೆ. ಎಲ್ಲಿದೆ ಅಂತ ಗೊತ್ತಾಗೋದಿಲ್ಲ ಅಷ್ಟೆ. ಅದನ್ನು ಹುಡುಕಿಕೊಡಲೆಂದೇ 2017ರಲ್ಲಿ 'ಅನ್‌ಪೇವಾಲ್' ಬಂತು. ಕ್ರೋಮ್, ಫೈರ್‌ಫಾಕ್ಸ್ ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ಆ್ಯಡ್-ಆನ್ ಇದು. ಬಿಟ್ಟಿ ಪ್ರತಿ ಸಿಕ್ಕರೆ ಪುಟದ ಮಗ್ಗುಲಲ್ಲಿ ತೆರೆದ ಬೀಗದ ಹಸಿರು ಗುರುತು ಮೂಡುತ್ತೆ. ಒತ್ತಿ, ಓದಿ.

ಇನ್ನೊಂದು 'ಝೊಟೆರೊ'. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದವರು 2006ರಲ್ಲಿ ಹೊರತಂದದ್ದು. ಕಂಡ ಪುಸ್ತಕ, ಲೇಖನಗಳ ವಿವರವನ್ನೆಲ್ಲ ಅಂಗಡಿಯ ಖಾತೆ ಪುಸ್ತಕದ ಹಾಗೆ ಬರೆದಿಟ್ಟುಕೊಳ್ಳುತ್ತೆ. ಪ್ರಬಂಧದ ಕೊನೆಗೆ ಹಾಕುವ ಗ್ರಂಥಪಟ್ಟಿಯನ್ನೂ ತಾನೇ ಮಾಡಿಕೊಡುತ್ತೆ. ಎರಡಕ್ಕೂ ದುಡ್ಡಿಲ್ಲ. ಎರಡೂ ಓಪನ್ ಸೋರ್ಸ್, ಅಂದರೆ ಒಳಗಿನ ಬರವಣಿಗೆ ಬಹಿರಂಗ. ತಿಳಿದವರು ಬಿಚ್ಚಿ ನೋಡಬಹುದು, ತಿದ್ದಬಹುದು.

ಊರಿನ ಗ್ರಂಥಾಲಯಕ್ಕೆ ಹೋಗಿ, ಇಲ್ಲಿನ ಕಂಪ್ಯೂಟರಿಗೆ ಇದನ್ನು ಹಾಕಿದ್ದೀರಾ ಅಂತ ಕೇಳಿದೆ. "ಮೇಲಿನಿಂದ ಆರ್ಡರ್ ಬರಬೇಕು" ಅಂದರು. ಟೆಂಡರ್ ಬೇಡ, ಗ್ರಾಂಟ್ ಬೇಡ. ಐದು ನಿಮಿಷದ ಕೆಲಸಕ್ಕೂ ಆರ್ಡರ್!

ಅವರದೂ ಒಂದು ಭಯ ನ್ಯಾಯವೇ. ಸಿಕ್ಕಿದ್ದನ್ನೆಲ್ಲ ಹಾಕಿದರೆ ಕಳ್ಳ ಆ್ಯಡ್-ಆನ್‌ಗಳೂ ನುಗ್ಗುತ್ತವೆ. ಅದಕ್ಕೇ ಜವಾಬ್ದಾರಿ ಇರುವ ಒಬ್ಬರು ಪರೀಕ್ಷಿಸಿ ಹಾಕಲಿ. ಹತ್ತು ಜನ ಕೂರುವ ಕಂಪ್ಯೂಟರಿಗೆ ಅನ್‌ಪೇವಾಲ್ ಸಾಕು. ಝೊಟೆರೊವನ್ನು ಹುಡುಗರ ಸ್ವಂತ ಲ್ಯಾಪ್‌ಟಾಪಿಗೆ ಹಾಕಿಕೊಳ್ಳೋದು ಹೇಗೆಂದು ವಾರಕ್ಕೊಂದು ಗಂಟೆ ಕಲಿಸಲಿ. ಎಲ್ಲ ಬೀಗವೂ ತೆರೆಯುತ್ತೆ ಅಂತಲ್ಲ. ಬಿಟ್ಟಿ ಪ್ರತಿಯೇ ಇಲ್ಲದ ಲೇಖನಗಳೂ ಬೇಕಾದಷ್ಟಿವೆ. ಆದರೆ ತೆರೆದಿರೋ ಬಾಗಿಲನ್ನಾದರೂ ತೋರಿಸಬೇಡವೇ?

ಓದುಗರ ಹೊತ್ತು ಉಳಿಸಬೇಕೆಂದು ಎಸ್.ಆರ್. ರಂಗನಾಥನ್ 1931ರಲ್ಲೇ ಸೂತ್ರ ಬರೆದರು. ಗ್ರಂಥಾಲಯ ಓದಿದವರೆಲ್ಲ ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿದವರೇ. ಪಾಠ ಕೆಲಸಕ್ಕೆ ಬರೋದು ಯಾವಾಗ?

6 ಪೈಸೆಯನ್ನು ನಾವು ತಪ್ಪದೆ ಕಟ್ಟುತ್ತಿದ್ದೇವೆ. ಐದು ನಿಮಿಷವನ್ನು ಅವರು ಕೊಡಲಿ. ಸಂಬಂಧಪಟ್ಟವರು ಇತ್ತ ಕಣ್ಣು ಹಾಯಿಸುವರೇ?