ಸಂಶೋಧನ ನೀತಿಯೂ ವಿಶ್ವವಿದ್ಯಾಲಯಗಳ ಮೌನವೂ

ನೀತಿಯನ್ನು ರಚಿಸುವುದು ಸರಕಾರದ ಕೆಲಸ, ಅದನ್ನು ಪಾಲಿಸುವುದು ವಿಶ್ವವಿದ್ಯಾಲಯಗಳ ಕೆಲಸ ಎಂಬ ಭಾವನೆ ಈ ನಾಡಿನಲ್ಲಿ ಎಷ್ಟು ರೂಢಮೂಲವಾಗಿದೆಯೆಂದರೆ, ನೀತಿಯು ಕರಡಾಗಿರುವಾಗಲೇ ವಿದ್ವಾಂಸರು ಮಾತನಾಡಬೇಕೆಂಬುದು ಮರೆತೇಹೋದಂತಿದೆ. ದಿಲ್ಲಿಯಿಂದಲೋ ಬೆಂಗಳೂರಿನಿಂದಲೋ ಸುತ್ತೋಲೆ ಬರುತ್ತದೆ. ಕುಲಸಚಿವರ ಕಾರ್ಯಾಲಯದಿಂದ ವಿಭಾಗಗಳಿಗೆ ಇಳಿಯುತ್ತದೆ. ವಿಭಾಗಗಳು ನಮೂನೆಗಳನ್ನು ತುಂಬಿ ಮೇಲಕ್ಕೆ ಕಳುಹಿಸುತ್ತವೆ. ಹೀಗೆ ಇಳಿದು ಏರುವ ಕಾಗದಗಳ ನಡುವೆ ಸಂಶೋಧನೆಯ ಗತಿಯೇ ಬದಲಾಗಿಬಿಡುತ್ತದೆ.

ಇದಕ್ಕೆ ಸಮೀಪದ ನಿದರ್ಶನವುಂಟು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಂಶೋಧನೆಗಾಗಿ ರಾಷ್ಟ್ರೀಯ ಪ್ರತಿಷ್ಠಾನವೊಂದನ್ನು ಸ್ಥಾಪಿಸಬೇಕೆಂದು ಸೂಚಿಸಿದಾಗ, ಅದು ಎಲ್ಲ ಜ್ಞಾನಶಾಖೆಗಳಿಗೂ ಧನಸಹಾಯ ನೀಡುವುದೆಂದು ನುಡಿದಿತ್ತು. ಮೂರು ವರ್ಷಗಳ ತರುವಾಯ, 2023ರಲ್ಲಿ, ಸಂಸತ್ತು ಅಂಗೀಕರಿಸಿದ ಅನುಸಂಧಾನ ರಾಷ್ಟ್ರೀಯ ಸಂಶೋಧನ ಪ್ರತಿಷ್ಠಾನದ ಅಧಿನಿಯಮದಲ್ಲಿ ಆ ಮಾತು ಕುಗ್ಗಿತು. ನಿಸರ್ಗವಿಜ್ಞಾನ, ಗಣಿತ, ತಂತ್ರಜ್ಞಾನ, ಪರಿಸರ, ಆರೋಗ್ಯ, ಕೃಷಿಗಳು ನೇರವಾಗಿ ಒಳಗೆ ಬಂದವು. ಮಾನವಿಕಗಳಿಗೂ ಸಮಾಜಶಾಸ್ತ್ರಗಳಿಗೂ ಅವು ವಿಜ್ಞಾನ ತಂತ್ರಜ್ಞಾನಗಳೊಡನೆ ಸಂಧಿಸುವ ಎಡೆಯಲ್ಲಿ ಮಾತ್ರ ಸ್ಥಾನ ದೊರೆಯಿತು. ಹಳಗನ್ನಡ ಕಾವ್ಯವೊಂದರ ಪಾಠಪರಿಷ್ಕರಣವು ಆ ಬಾಗಿಲನ್ನು ದಾಟಬೇಕಾದರೆ ಗಣಕಯಂತ್ರದ ಕೈಹಿಡಿದುಕೊಂಡೇ ಬರಬೇಕು! 2020ರ ಮಾತಿಗೂ 2023ರ ವಿಧಿಗೂ ನಡುವಣ ಈ ಅಂತರವನ್ನು ಕನ್ನಡನಾಡಿನ ಎಷ್ಟು ವಿದ್ಯಾವಿಷಯಕ ಪರಿಷತ್ತುಗಳು ಕುಳಿತು ಚರ್ಚಿಸಿದವು, ಎಷ್ಟು ಲಿಖಿತ ಆಕ್ಷೇಪಗಳು ದಿಲ್ಲಿಗೆ ಹೋದವು ಎಂಬುದನ್ನು ಆ ಪರಿಷತ್ತುಗಳೇ ಹೇಳಬೇಕು.

ವಿಜ್ಞಾನಕ್ಕೆ ಹಣ ಬೇಕೆಂಬುದರಲ್ಲಿ ವಿವಾದವಿಲ್ಲ. ಸಂಶೋಧನೆಗಾಗಿ ಭಾರತವು ತನ್ನ ರಾಷ್ಟ್ರೀಯ ಉತ್ಪನ್ನದಲ್ಲಿ ವಿನಿಯೋಗಿಸುತ್ತಿದ್ದುದು ಶೇಕಡಾ 0.69 ಮಾತ್ರವೆಂದು 2020ರ ನೀತಿಯೇ ಒಪ್ಪಿಕೊಂಡಿದೆ. ಅದೇ ಪುಟದಲ್ಲಿ ದಕ್ಷಿಣ ಕೊರಿಯಾದ ಲೆಕ್ಕ 4.2, ಇಸ್ರೇಲಿನದು 4.3. ಈ ಕೊರತೆಯನ್ನು ತುಂಬಲು ಹೊಸ ಪ್ರತಿಷ್ಠಾನಕ್ಕೆ ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿಗಳನ್ನು ಅಂದಾಜು ಮಾಡಲಾಯಿತು. ಅದರಲ್ಲಿ 36,000 ಕೋಟಿ ಉದ್ಯಮಗಳೇ ಮೊದಲಾದ ಸರಕಾರೇತರ ಮೂಲಗಳಿಂದ ಬರಬೇಕೆಂಬುದು ಎಣಿಕೆ. ಉದ್ಯಮಪತಿಯು ತನ್ನ ಉದ್ಯಮಕ್ಕೆ ಒದಗುವ ವಿದ್ಯೆಗೆ ಹಣ ಕೊಡುವುದು ಸಹಜ, ಅದು ದೋಷವಲ್ಲ. ಆದರೆ ಶಾಸನ, ಛಂದಸ್ಸು, ಹಸ್ತಪ್ರತಿಗಳ ವಿದ್ಯೆಗೆ ಗಿರಾಕಿಗಳಿಲ್ಲ. ಆ ಹೊಣೆಯನ್ನು ಸರಕಾರವೇ ಹೊರಬೇಕೆಂದು ಹೇಳಬೇಕಾದವರು ವಿಶ್ವವಿದ್ಯಾಲಯದವರಲ್ಲದೆ ಮತ್ತಾರು?

ಅಳತೆಗೋಲಿನ ಸಂಗತಿ ಇದಕ್ಕಿಂತಲೂ ಸೂಕ್ಷ್ಮವಾದುದು. 2016ರಿಂದ ಪ್ರಕಟವಾಗುತ್ತಿರುವ ರಾಷ್ಟ್ರೀಯ ಶ್ರೇಯಾಂಕ ಪಟ್ಟಿಯು ಸಂಶೋಧನ ಲೇಖನಗಳನ್ನು ಎಣಿಸುವುದು ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಪರದೇಶದ ಸೂಚಿಗಳಿಂದ. ಕನ್ನಡದಲ್ಲಿ ಬರೆದ ಪ್ರಬಂಧಗಳು ಅವುಗಳಲ್ಲಿ ಕಾಣಸಿಗುವುದು ತೀರ ಅಪರೂಪ. ಹತ್ತು ವರ್ಷ ದುಡಿದು ಕಾವ್ಯವೊಂದರ ಶಾಸ್ತ್ರೀಯ ಆವೃತ್ತಿಯನ್ನು ಸಿದ್ಧಪಡಿಸಿದ ಅಧ್ಯಾಪಕನ ಶ್ರಮ ಈ ಲೆಕ್ಕದಲ್ಲಿ ಸೊನ್ನೆ. ಧನಸಹಾಯದ ಕೆಲವು ಯೋಜನೆಗಳಲ್ಲಿ ಅರ್ಹತೆಯನ್ನು ಗೊತ್ತುಪಡಿಸುವುದೂ ಇದೇ ಪಟ್ಟಿಯಿಂದಲೇ. ಕೊಳಗದಲ್ಲಿ ಹಾಲನ್ನು ಅಳೆಯಬಹುದು, ಬಟ್ಟೆಯನ್ನು ಅಳೆಯಲಾಗದು. ಅಳೆಯಲಾಗದ್ದರಿಂದ ಬಟ್ಟೆಯೇ ಇಲ್ಲವೆಂದರೆ ಏನು ಹೇಳುವುದು?

ಸರಕಾರ ಮತ್ತು ವಿದ್ವತ್ತು ಎದುರುಬದುರಾಗಿಯೇ ನಿಲ್ಲಬೇಕೆಂದೇನೂ ಇಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯು 1891ರಲ್ಲಿ ಆರಂಭವಾದುದು ಸಂಸ್ಥಾನದ ಆಶ್ರಯದಲ್ಲಿ. ತಂಜಾವೂರು ಸೀಮೆಯಿಂದ ಅಲ್ಲಿಗೆ ಬಂದ ತಾಡವೋಲೆಯ ಕಟ್ಟನ್ನು 1905ರಲ್ಲಿ ಪರಿಶೀಲಿಸಿ, ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಆ ಗ್ರಂಥವು ಮುದ್ರಣವಾಗಿ ಜಗತ್ತಿನ ಕಣ್ಣು ತೆರೆಯಿತು. ಅವರಿಗೆ ಯಾವ ಶ್ರೇಯಾಂಕವೂ ಬೇಕಾಗಿರಲಿಲ್ಲ. ಬೇಕಾಗಿದ್ದುದು ವೇತನ, ಓಲೆ, ಸಮಯ. ಈ ಮೂರನ್ನೂ ಸಂಸ್ಥಾನವು ಕೊಟ್ಟಿತು. ಕರ್ನಾಟಕ ಸರಕಾರವು 1993ರಲ್ಲಿ ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನಸಾಹಿತ್ಯವನ್ನು ಹೊರತಂದಾಗಲೂ ಹಣ ಸರಕಾರದ್ದು, ದುಡಿಮೆ ವಿದ್ವಾಂಸರದ್ದು. ಆದರೆ ಅದಕ್ಕೆ ಎಪ್ಪತ್ತು ವರ್ಷಗಳ ಮೊದಲೇ, 1923ರಲ್ಲಿ, ವಿಜಾಪುರದ ನ್ಯಾಯವಾದಿ ಫ.ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ್ದರು. ವಿಶ್ವವಿದ್ಯಾಲಯದ ಪೀಠವಾಗಲಿ ಸರಕಾರದ ನೀತಿಯಾಗಲಿ ಅವರ ಬೆನ್ನಿಗಿರಲಿಲ್ಲ. ಮನೆಮನೆಗಳಲ್ಲಿಯೂ ಮಠಮಠಗಳಲ್ಲಿಯೂ ಓಲೆಗಳನ್ನು ಅರಸಿದ ಆ ಮಹನೀಯರ ತ್ಯಾಗವನ್ನು ಸಭೆಗಳಲ್ಲಿ ಕೊಂಡಾಡುವುದು ಸುಲಭ. ಅಂತಹ ಒಬ್ಬರ ಅವತಾರವಾಗಲೆಂದು ಇಡಿಯ ಶಾಸ್ತ್ರವೊಂದು ಕಾದು ಕುಳಿತಿರುವುದಂತೂ ವ್ಯವಸ್ಥೆಯೆನಿಸದು.

ಈಗ ಮತ್ತೊಂದು ಅವಕಾಶ ಬಂದಿದೆ. 2025ರ ಮುಂಗಡಪತ್ರದಲ್ಲಿ ಘೋಷಿತವಾದ ಜ್ಞಾನಭಾರತಂ ಯೋಜನೆಯು ದೇಶದ ಒಂದು ಕೋಟಿಗೂ ಹೆಚ್ಚಿನ ಹಸ್ತಪ್ರತಿಗಳ ಸಮೀಕ್ಷೆ, ದಾಖಲೀಕರಣ, ಸಂರಕ್ಷಣೆಗಳನ್ನು ಗುರಿಯಾಗಿಟ್ಟುಕೊಂಡಿದೆ. ಖಾಸಗಿ ಸಂಗ್ರಹಗಳನ್ನೂ ಒಳಗೊಂಡಿದೆ. ಮಠಗಳ ಭಂಡಾರಗಳಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಕಟ್ಟುಗಳಿಗೂ ಇದರಿಂದ ಪ್ರಯೋಜನವಾಗಬೇಕು. ಆದರೆ ಓಲೆಯ ಛಾಯಾಚಿತ್ರವು ಗ್ರಂಥವಲ್ಲ. ಹಳೆಯ ಲಿಪಿಯನ್ನು ಓದುವ ಕಣ್ಣು, ಪದಗಳ ನಡುವೆ ಬಿಡುವಿಲ್ಲದೆ ಸಾಗುವ ಬರಹವನ್ನು ಬಿಡಿಸುವ ವ್ಯಾಕರಣಜ್ಞಾನ, ಮಾತ್ರೆಯೊಂದು ತಪ್ಪಿದಲ್ಲಿ ಲಿಪಿಕಾರನ ಪ್ರಮಾದವನ್ನು ಹಿಡಿಯುವ ಛಂದೋಜ್ಞಾನ, ನಾಲ್ಕು ಪ್ರತಿಗಳ ಪಾಠಾಂತರಗಳಲ್ಲಿ ಮೂಲವನ್ನು ನಿರ್ಣಯಿಸುವ ವಿವೇಕ, ಇವೆಲ್ಲ ಒಬ್ಬನಲ್ಲಿ ಕೂಡಬೇಕಾದರೆ ಗುರುವಿನ ಬಳಿ ಹಲವು ವರ್ಷಗಳ ಅಭ್ಯಾಸ ಬೇಕು. ಹೀಗೆ ಕಲಿಸಬಲ್ಲವರು ನಿವೃತ್ತರಾದ ಮೇಲೆ ಅವರ ಸ್ಥಾನವನ್ನು ತುಂಬದೆ ಬಿಟ್ಟರೆ, ಚಿತ್ರಗಳು ಕೋಟಿಯಾದಾವು, ಓದುಗರು ಉಳಿಯರು. ಓದುವವರನ್ನು ತಯಾರಿಸುವ ವೆಚ್ಚವೂ ಯೋಜನೆಯ ಅಂಗವಾಗಬೇಕೆಂದು ಕನ್ನಡ ಅಧ್ಯಯನ ಪೀಠಗಳು ಒಗ್ಗೂಡಿ ಬರೆದು ಕೇಳಬೇಕು, ಅದೂ ಈಗಲೇ.

ವೇತನ ಕೊಡುವ ಸರಕಾರದೆದುರು ವಿಶ್ವವಿದ್ಯಾಲಯವು ಹೇಗೆ ಬಾಯಿಬಿಟ್ಟೀತು ಎಂದು ಕೇಳುವವರುಂಟು. ಈ ಅಂಜಿಕೆ ಪೂರ್ತಿ ನಿರಾಧಾರವೇನಲ್ಲ. ಆದರೆ ಕೊಟ್ಟ ಸ್ವಾತಂತ್ರ್ಯವನ್ನೂ ಬಳಸದಿರುವುದಕ್ಕೆ ಯಾರನ್ನು ದೂರುವುದು? ಪಿಎಚ್.ಡಿ. ಪದವಿಗೆ ಪೂರ್ವಭಾವಿಯಾಗಿ ಪತ್ರಿಕೆಯಲ್ಲಿ ಲೇಖನ ಪ್ರಕಟವಾಗಿರಲೇಬೇಕೆಂಬ ನಿಯಮವನ್ನು ಯು.ಜಿ.ಸಿ.ಯು 2022ರಲ್ಲಿ ಸಡಿಲಿಸಿತು. ಮಾನ್ಯ ಪತ್ರಿಕೆಗಳ ತನ್ನ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟು, ಪತ್ರಿಕೆಗಳ ಯೋಗ್ಯತೆಯನ್ನು ಸಂಸ್ಥೆಗಳೇ ನಿರ್ಣಯಿಸಲೆಂದಿತು. ಸಂಪಾದಿತ ಗ್ರಂಥ, ಶಾಸನಪಾಠ, ನಿಘಂಟಿನ ಕೆಲಸಗಳಿಗೆ ತಕ್ಕ ಮನ್ನಣೆ ಕೊಡುವ ನಿಯಮವನ್ನು ವಿಶ್ವವಿದ್ಯಾಲಯವೊಂದು ಇಂದು ತಾನಾಗಿ ಮಾಡಿಕೊಳ್ಳಬಹುದು. ಸುತ್ತೋಲೆಗಾಗಿ ಕಾಯಬೇಕಾಗಿಲ್ಲ.

ಮಠದ ವಿದ್ಯಾಸಂಸ್ಥೆಗಳಿಗೂ ಇಲ್ಲಿ ಪಾಲಿದೆ. ದಾಸೋಹದಿಂದ ಪ್ರಸಾದನಿಲಯಗಳನ್ನು ನಡೆಸಿದ ದಾನಿಗಳು ಕಟ್ಟಡಕ್ಕೆ ಕೊಟ್ಟಷ್ಟೇ ಸಂತೋಷದಿಂದ ಹಸ್ತಪ್ರತಿಶಾಸ್ತ್ರದ ವಿದ್ಯಾರ್ಥಿವೇತನಕ್ಕೂ ದತ್ತಿಯಿಟ್ಟರೆ, ಇಬ್ಬರು ತರುಣರು ಎರಡು ವರ್ಷ ನಿಶ್ಚಿಂತೆಯಿಂದ ಓಲೆಗಳ ಮುಂದೆ ಕುಳಿತಾರು. ಅವರಿಗೆ ಮಾರ್ಗದರ್ಶಕರನ್ನು ಕೊಡಲು, ಅವರ ಕೆಲಸಕ್ಕೆ ಪದವಿಯ ಮಾನ್ಯತೆ ನೀಡಲು ಸಮೀಪದ ವಿಶ್ವವಿದ್ಯಾಲಯವು ಸಿದ್ಧವಿದೆಯೇ ಎಂದು ಆ ದಾನಿಗಳೇ ಹೋಗಿ ಕೇಳಲಿ.