ಟಾಪ್‌ಅಪ್ ಅನ್ನೋದು ಆಯಿಲ್ ಚೇಂಜ್ ಅಲ್ಲ

ಹಳೇ ಟ್ರ್ಯಾಕ್ಟರ್ ಲಿಫ್ಟ್ ಎತ್ತಲ್ಲ ಅಂದ ತಕ್ಷಣ ನಮ್ಮ ಕಡೆ ಎರಡೇ ತೀರ್ಪು. ಒಂದು, "ಪಂಪ್ ಹೋಗಿದೆ, ಹೊಸದು ಹಾಕಿ." ಇನ್ನೊಂದು, "ಗುಜರಿಗೆ ಹಾಕಿ, ಲೋನ್ ಮಾಡಿ ಹೊಸ ಗಾಡಿ ತನ್ನಿ." ಹಿಂದಿನ ಹೌಸಿಂಗಿನ ಎಣ್ಣೆ ಬದಲಾಯಿಸಿದ್ದು ಯಾವಾಗ ಅಂತ ಕೇಳೋರೇ ಇಲ್ಲ. ಇಂಜಿನ್ ಆಯಿಲ್ ಲೆಕ್ಕ ಎಲ್ಲರಿಗೂ ಬಾಯಿಪಾಠ. ಹಿಂದಿನದು ಮಾತ್ರ ಗಾಡಿ ಕೊಂಡಾಗ ಇದ್ದದ್ದೇ, ಕಮ್ಮಿ ಆದಾಗ ಒಂದು ಡಬ್ಬ ಸುರಿದದ್ದೇ. ಈ ಟಾಪ್‌ಅಪ್ ಚಾಳಿ ಎಷ್ಟು ಗಾಡಿಗಳನ್ನ ಅಕಾಲದಲ್ಲಿ ಕೊಂದಿದೆಯೋ ಲೆಕ್ಕ ಇಟ್ಟವರಿಲ್ಲ.

ಮ್ಯಾಸಿ 35 ಅಥವಾ ಅದರ ವಂಶದ 1035 ಇಟ್ಟುಕೊಂಡವರು ಇದನ್ನ ಗಮನವಿಟ್ಟು ಓದಿ. 1946ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಶುರುವಾದ ಫರ್ಗ್ಯೂಸನ್ ಟಿಇ20ಯಿಂದ ಬಂದ ಪದ್ಧತಿ ಇದು: ಗೇರ್‌ಬಾಕ್ಸ್, ಹೈಡ್ರಾಲಿಕ್, ಹಿಂದಿನ ಆಕ್ಸಲ್, ಮೂರಕ್ಕೂ ಒಂದೇ ಎಣ್ಣೆ, ಸುಮಾರು 30 ಲೀಟರ್. ಅಂದ್ರೆ ಗೇರಿನ ಹಲ್ಲು ಸವೆದು ಉದುರಿದ ಕಬ್ಬಿಣದ ಪುಡಿ ಅದೇ ಎಣ್ಣೆಯಲ್ಲಿ ತೇಲಿ ಪಂಪಿನ ಬಾಯಿಗೇ ಬರುತ್ತೆ. ಫೋರ್ಡ್ 3600 ಥರದ ಗಾಡಿಯಲ್ಲಿ ಗೇರ್‌ಬಾಕ್ಸ್ ಎಣ್ಣೆ ಬೇರೆ, ಆಕ್ಸಲ್ ಮತ್ತು ಹೈಡ್ರಾಲಿಕ್ ಎಣ್ಣೆ ಬೇರೆ. ಪಕ್ಕದ ಹೊಲದವನ ಫೋರ್ಡ್ ನೋಡಿ ನಿಮ್ಮ ಮ್ಯಾಸಿಗೆ ಎಣ್ಣೆ ತರಬೇಡಿ.

ಈಗ ಫಿಟ್ಟರುಗಳ "140 ಹಾಕಿ, ಶಬ್ದ ನಿಲ್ಲುತ್ತೆ" ಅನ್ನೋ ಸಲಹೆಗೆ ಬರೋಣ. ಹೌದು, ಶಬ್ದ ಕಮ್ಮಿಯಾಗುತ್ತೆ, ಸೋರಿಕೆಯೂ ನಿಧಾನ ಆಗುತ್ತೆ. ಆದರೆ ಸವೆದ ಬೇರಿಂಗ್ ಸವೆದೇ ಇರುತ್ತೆ, ಅದರ ಕೂಗು ನಮಗೆ ಕೇಳಲ್ಲ ಅಷ್ಟೇ. ಫರ್ಗ್ಯೂಸನ್ ಪದ್ಧತಿಯಲ್ಲಿ ಪಂಪ್ ಎಣ್ಣೆಯೊಳಗೇ ಮುಳುಗಿರುತ್ತೆ, ಅದನ್ನ ಹತೋಟಿ ಮಾಡೋ ವಾಲ್ವ್ ಇರೋದು ಪಂಪ್ ಎಣ್ಣೆ ಎಳೆದುಕೊಳ್ಳೋ ಕಡೆ. ಚಳಿಗಾಲದ ಬೆಳಿಗ್ಗೆ ಕಾಕಂಬಿಯಂಥ 140 ಎಣ್ಣೆಯನ್ನ ಆ ಪಂಪ್ ಎಲ್ಲಿಂದ ಎಳೀಬೇಕು? ಹಸಿದ ಪಂಪ್ ಬೇಗ ಸಾಯುತ್ತೆ. ಆಮೇಲೆ ಅದೇ ಫಿಟ್ಟರು ಬಂದು ಲಿಫ್ಟ್ ಕವರ್ ಬಿಚ್ಚಿ, ಪಿಟಿಒ ಶಾಫ್ಟ್ ಎಳೆದು, ಪಂಪ್ ಬದಲಾಯಿಸಿ ಬಿಲ್ ಕೊಡ್ತಾನೆ.

"90 ನಂಬರ್ ಕೊಡಿ" ಅಂತ ಅಂಗಡಿಯಲ್ಲಿ ಕೇಳೋದೂ ಅರ್ಧ ಮಾತು. 90 ಅನ್ನೋದು ಎಣ್ಣೆ ಎಷ್ಟು ಗಟ್ಟಿ ಅಂತ ಹೇಳುತ್ತೆ, ಒಳಗೆ ಏನು ಬೆರೆಸಿದೆ ಅಂತ ಹೇಳಲ್ಲ. ಜಿಎಲ್-4ರಲ್ಲೂ 90 ಸಿಗುತ್ತೆ, ಜಿಎಲ್-5ರಲ್ಲೂ ಸಿಗುತ್ತೆ. ಜಿಎಲ್-5ರಲ್ಲಿ ಗಂಧಕ, ರಂಜಕದ ಬೆರಕೆ ಹೆಚ್ಚು. ಅದರಲ್ಲಿ ಕೆಲವು ಹಳೇ ಗಾಡಿಯ ಕಂಚು, ಹಿತ್ತಾಳೆ ಭಾಗ ತಿನ್ನುತ್ತವೆ. ಇನ್ನೊಂದು, ಗೇರ್ ಆಯಿಲ್ ನಂಬರೇ ಬೇರೆ, ಇಂಜಿನ್ ಆಯಿಲ್ ನಂಬರೇ ಬೇರೆ. ಗೇರ್ ಆಯಿಲ್ 90ರ ದಪ್ಪ ಹೆಚ್ಚೂಕಮ್ಮಿ 40-50 ನಂಬರಿನ ಇಂಜಿನ್ ಆಯಿಲಿನಷ್ಟೇ. ಹಾಗಾಗಿ ಅಂಗಡಿಯವನ ಬಾಯಿಮಾತು ಬಿಡಿ, ನಿಮ್ಮ ಮಾಡೆಲಿನ ಮ್ಯಾನ್ಯುಯಲ್ ಹಿಡಿದುಕೊಂಡು ಹೋಗಿ ಅದರಲ್ಲಿರೋ ಗ್ರೇಡೇ ಕೇಳಿ.

ಇಂಜಿನ್ನಿಂದ ಇಳಿಸಿದ ಕಪ್ಪು ಎಣ್ಣೆಯನ್ನ ಹಿಂದಕ್ಕೆ ಸುರಿಯೋರೂ ಇದ್ದಾರೆ. ಮಸಿ, ಲೋಹದ ಪುಡಿ, ಸುಟ್ಟ ಡೀಸೆಲಿನ ಆಮ್ಲ, ಎಲ್ಲವನ್ನೂ ಕೈಯಾರೆ ಪಂಪಿಗೆ ಉಣಿಸಿದ ಹಾಗೆ. ಅದು ಉಳಿತಾಯ ಅಲ್ಲ, ಸಾಲ.

ಕೆಸರುಗದ್ದೆ ಹೊಡೆಯೋರಿಗೆ ನೀರೇ ದೊಡ್ಡ ಶತ್ರು. ಸವೆದ ಸೀಲಿನಿಂದ, ಗೇರ್ ಲಿವರ್ ಬೂಟಿನಿಂದ ನೀರು ಇಳಿಯುತ್ತೆ. ಎಣ್ಣೆ ಮಜ್ಜಿಗೆ ಬಣ್ಣಕ್ಕೆ ತಿರುಗಿದ್ದರೆ ಎಷ್ಟು ಟಾಪ್‌ಅಪ್ ಮಾಡಿದರೂ ಪ್ರಯೋಜನ ಇಲ್ಲ, ಪೂರ್ತಿ ಇಳಿಸಲೇಬೇಕು. ರಾತ್ರಿ ಪೂರ್ತಿ ನಿಂತ ಗಾಡಿಯ ಡ್ರೈನ್ ಪ್ಲಗ್ಗನ್ನ ಬೆಳಿಗ್ಗೆ ಸ್ವಲ್ಪವೇ ಸಡಿಲಿಸಿ. ತಳದಲ್ಲಿ ನೀರು ನಿಂತಿದ್ದರೆ ಅದೇ ಮೊದಲು ಬರುತ್ತೆ. ಇದಕ್ಕೆ ಯಾವ ಲ್ಯಾಬೂ ಬೇಡ.

ಪೂರ್ತಿ ಇಳಿಸುವಾಗ ಎಣ್ಣೆ ಬೆಚ್ಚಗಿರಲಿ, ಒಂದರ್ಧ ಗಂಟೆ ಓಡಿಸಿ. ಲಿಫ್ಟ್ ಕೆಳಗೆ ಬಿಡಿ, ಸಿಲಿಂಡರಿನ ಎಣ್ಣೆಯೂ ಇಳಿಯಲಿ. ಪ್ಲಗ್ ಒಂದಕ್ಕಿಂತ ಹೆಚ್ಚಿರುತ್ತೆ, ಎಲ್ಲಾ ಬಿಚ್ಚಿ. ಪಂಪಿನ ಬಾಯಿಯ ಜಾಲರಿ ತೊಳೆಯದೆ ಹೊಸ ಎಣ್ಣೆ ಹಾಕಬೇಡಿ. ತುಂಬಿದ ಮೇಲೆ ಪಿಟಿಒ ಹಾಕಿ ಲಿಫ್ಟ್ ನಾಲ್ಕಾರು ಸಲ ಎತ್ತಿ ಇಳಿಸಿ, ಆಮೇಲೆ ಕಡ್ಡಿ ನೋಡಿ. ಗುರುತು ಮೀರಿ ತುಂಬಿದರೆ ಆಕ್ಸಲ್ ಸೀಲ್ ದಾಟಿ ಬ್ರೇಕಿಗೆ ಎಣ್ಣೆ ಇಳಿಯುತ್ತೆ. ಇಳಿಜಾರಿನಲ್ಲಿ ಅದು ಜೀವದ ಪ್ರಶ್ನೆ.

"30 ಲೀಟರ್ ಎಣ್ಣೆಗೆ ದುಡ್ಡು ಎಲ್ಲಿಂದ ತರೋಣ ಅಣ್ಣಾ?" ಅಂತೀರಿ. ನ್ಯಾಯವಾದ ಪ್ರಶ್ನೆ, ಎಣ್ಣೆ ಅಗ್ಗ ಅಂತ ನಾನು ಹೇಳಲ್ಲ. ಆದರೆ ಬಿತ್ತನೆ ಹದ ಇರೋದು ನಾಲ್ಕು ದಿನ. ಆ ನಾಲ್ಕು ದಿನ ಗಾಡಿ ಶೆಡ್ಡಲ್ಲಿ ಬಿಚ್ಚಿಕೊಂಡು ಕೂತರೆ ಪಂಪು, ಕೂಲಿ, ಬಾಡಿಗೆ ಗಾಡಿ, ತಪ್ಪಿದ ಹದ, ಎಲ್ಲಾ ಕೂಡಿಸಿ ನೋಡಿ. ಹಳೇ ಟ್ರ್ಯಾಕ್ಟರ್ ಬಡ ರೈತನ ಕೈಯಲ್ಲಿ ಸಾಲವಿಲ್ಲದೆ ಉಳಿದಿರೋ ಒಂದೇ ಯಂತ್ರ. ಅದನ್ನ ಗುಜರಿ ಅಂತ ಕರೆಯೋರಿಗೆ ಲಾಭ ಇದೆ, ನಮಗಿಲ್ಲ.

ಇಳಿಸಿದ ಎಣ್ಣೆಯನ್ನ ಕಾಲುವೆಗೆ, ಬದುವಿಗೆ ಚೆಲ್ಲಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಡಬ್ಬದಲ್ಲಿ ತುಂಬಿ, ಪರವಾನಗಿ ಇರೋ ಸಂಗ್ರಹದವರಿಗೆ ಕೊಡಿ.

ಕೊನೇ ಮಾತು. ಎಣ್ಣೆ ಕೊಂಡಾಗ ಸೀಲ್ ಒಡೆಯದ ಡಬ್ಬ ಕೇಳಿ, ಬಿಲ್ಲಿನಲ್ಲಿ ಗ್ರೇಡ್ ಪೂರ್ತಿ ಬರೆಸಿ. ಬದಲಾಯಿಸಿದ ತಾರೀಖನ್ನ ಮಡ್‌ಗಾರ್ಡಿನ ಒಳಬದಿ ಪೇಂಟಲ್ಲಿ ಬರೆಯಿರಿ. ಮುಂದಿನ ಸಲ ಯಾರಾದರೂ "ಪಂಪ್ ಹೋಗಿದೆ" ಅಂದರೆ, ಮೊದಲು ಆ ತಾರೀಖು ತೋರಿಸಿ, ಆಮೇಲೆ ಮಾತಾಡಿ.