ಮನೆವಾರ್ತೆ: ಮಿತವ್ಯಯದ ಗಣಕಯಂತ್ರ

ಹಳಿಯಾಳದ ನಮ್ಮ ವಾಚಕ ಭಗಿನಿಯೊಬ್ಬರ ಪತ್ರವು ಈ ತಿಂಗಳ ವಿಚಾರಕ್ಕೆ ಕಾರಣವಾಗಿದೆ. ಕಾಲೇಜಿಗೆ ಹೋಗುವ ಅವರ ಮಗನು ಗಣಕಯಂತ್ರದ ಬಿಡಿಭಾಗಗಳನ್ನು ತರಿಸಿ ಮನೆಯಲ್ಲಿಯೇ ಜೋಡಿಸುವೆನೆಂದು ಹಟ ಹಿಡಿದಿರುವನಂತೆ. ಆಟವಾಡುವುದೇ ಅವನ ಮುಖ್ಯ ಉದ್ದೇಶವೆಂದು ಯಜಮಾನರ ಸಂಶಯ. ಮಗಳ ಪಾಠ, ಅಂಗಡಿಯ ಲೆಕ್ಕ, ಮಗನ ಆಟ, ಈ ಮೂರೂ ಒಂದೇ ಯಂತ್ರದಲ್ಲಿ ನಡೆಯಬೇಕು. ಕೈಯಲ್ಲಿರುವ ಹಣವೋ ಅಲ್ಪ. ಇಂಥ ಪ್ರಶ್ನೆಯನ್ನು ದಾಂಡೇಲಿ, ಜೋಯಿಡಾ, ಮುಂಡಗೋಡದ ಕಡೆಯ ಮನೆಗಳಲ್ಲಿಯೂ ನಾವು ಕೇಳಿದ್ದೇವೆ. ಆದುದರಿಂದ ಒಬ್ಬರಿಗೆ ಕೊಡಬೇಕಾದ ಉತ್ತರವನ್ನು ಎಲ್ಲರ ಮುಂದಿಡುತ್ತಿದ್ದೇವೆ.

ಮೊದಲಿಗೆ, ಹುಡುಗನ ಇಚ್ಛೆಯು ಹುಚ್ಚಲ್ಲವೆಂಬುದನ್ನು ಹಿರಿಯರು ಒಪ್ಪಿಕೊಳ್ಳಬೇಕು. ೧೯೮೧ರಲ್ಲಿ ಐ.ಬಿ.ಎಂ. ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಅದರ ರಚನೆಯನ್ನು ಗುಟ್ಟಾಗಿಡಲಿಲ್ಲ. ಬೇರೆ ಬೇರೆ ತಯಾರಕರು ಅದಕ್ಕೆ ಹೊಂದುವ ಭಾಗಗಳನ್ನು ಮಾಡತೊಡಗಿದರು. ೧೯೯೫ರಲ್ಲಿ ಇಂಟೆಲ್ ಸಂಸ್ಥೆಯು ಎ.ಟಿ.ಎಕ್ಸ್. ಎಂಬ ಅಳತೆಯ ಕಟ್ಟಳೆಯನ್ನು ಪ್ರಕಟಿಸಿತು. ಇಂದು ಒಬ್ಬರ ಬೋರ್ಡು ಇನ್ನೊಬ್ಬರ ಪೆಟ್ಟಿಗೆಯಲ್ಲಿ ಕೂಡುವುದು ಇಂಥ ಕಟ್ಟಳೆಗಳ ಫಲ. ಬೆಸುಗೆಯ ಕೆಲಸವಿಲ್ಲ; ಒಂದು ಸ್ಕ್ರೂಡ್ರೈವರು ಮತ್ತು ತಾಳ್ಮೆ, ಇವೆರಡಿದ್ದರೆ ಸಾಕು.

ನಮ್ಮ ಈ ನಾಲ್ಕು ತಾಲೂಕುಗಳಿಗೆ ಇದರಲ್ಲಿ ಇನ್ನೊಂದು ಅನುಕೂಲವುಂಟು. ದೊಡ್ಡ ಪೇಟೆಯೆಂದರೆ ನಮಗೆ ಹುಬ್ಬಳ್ಳಿ, ಧಾರವಾಡ. ಅದನ್ನು ಬಿಟ್ಟರೆ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಇಲ್ಲವೆ ಕೊರಿಯರಿನಲ್ಲಿ ಬರುವ ಡಬ್ಬಿ. ಜೋಯಿಡಾದ ಕಾಡಿನೊಳಗಿನ ಮನೆಯವರು ಕೆಟ್ಟ ಯಂತ್ರವನ್ನು ಹೊತ್ತು ತಿರುಗುವ ಕಷ್ಟವನ್ನು ನಾವು ಬಲ್ಲೆವು. ಬಿಡಿಯಾಗಿ ಜೋಡಿಸಿದ ಯಂತ್ರದಲ್ಲಿ ಕೆಟ್ಟ ಭಾಗವೊಂದನ್ನೇ ಬಿಚ್ಚಿ ಕಳುಹಿದರಾಯಿತು. ಜೋಡಿಸಿದವನಿಗೆ ಯಾವುದು ಕೆಟ್ಟಿದೆಯೆಂಬುದೂ ಬೇಗ ತಿಳಿಯುವುದು.

ಇನ್ನು ನಮ್ಮ ಮನೆಯ ಕಥೆಯನ್ನೇ ಹೇಳುವುದು ಯೋಗ್ಯ. ಕೆಲವು ವರ್ಷಗಳ ಹಿಂದೆ ನಮ್ಮ ಹುಡುಗನೂ ಹೀಗೆಯೇ ಯಂತ್ರ ಕಟ್ಟಿದನು. ವಿದ್ಯುತ್ತನ್ನು ಒಳಭಾಗಗಳಿಗೆ ಹದಮಾಡಿ ಕೊಡುವ ಎಸ್.ಎಂ.ಪಿ.ಎಸ್. ಎಂಬ ಡಬ್ಬಿಯನ್ನು ಬೇರೆಯಾಗಿ ಕೊಳ್ಳಬೇಕೆಂದು ಅವನು ಕೇಳಿದ್ದನು. ಗಾಜಿನ ಬಾಗಿಲಿನ, ಬಣ್ಣದ ದೀಪಗಳ ಕ್ಯಾಬಿನೆಟ್ಟಿನೊಡನೆಯೇ ಒಂದು ಬರುತ್ತಿರುವಾಗ ಇನ್ನೊಂದೇಕೆಂದು ನಾವು ತಡೆದೆವು. ಆಷಾಢದ ಒಂದು ರಾತ್ರಿ ಗಾಳಿಮಳೆಗೆ ವಿದ್ಯುತ್ತು ಐದಾರು ಸಲ ಹೋಗಿ ಬಂತು. ಕೊನೆಯ ಸಲ ಬಂದಾಗ ಪಟ್ಟೆಂದು ಸದ್ದಾಗಿ ಕಮರು ವಾಸನೆ ಹಬ್ಬಿತು. ಡಬ್ಬಿಯೊಡನೆ ಮದರ್‌ಬೋರ್ಡು ಹೋಯಿತು. ಸಂಗ್ರಹದ ಡಿಸ್ಕು ಹೋಯಿತು. ಅದರಲ್ಲಿದ್ದ ಮಗಳ ಎರಡು ವರ್ಷಗಳ ಟಿಪ್ಪಣಿಗಳೂ ಹೋದವು. ಪರೀಕ್ಷೆಗೆ ಆಗ ಒಂದು ತಿಂಗಳು ಮಾತ್ರ ಉಳಿದಿತ್ತು. ಹಗಲಿರುಳು ಆಟವಾಡಿ ಸುಟ್ಟೆಯೆಂದು ಹುಡುಗನನ್ನು ನಾವು ಬೈದೆವು. ಅವನು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಹುಬ್ಬಳ್ಳಿಯಲ್ಲಿ ಅದನ್ನು ಬಿಚ್ಚಿ ನೋಡಿದ ರಿಪೇರಿಯವರು, "ಯಜಮಾನ್ರ, ಹುಡುಗನ ಆಟದಿಂದ ಸುಟ್ಟಿಲ್ಲರಿ, ನೀವು ಉಳಿಸಿದ ರೊಕ್ಕದಿಂದ ಸುಟ್ಟೈತಿ" ಎಂದರು. ಆ ಮಾತು ನಮ್ಮನ್ನು ಈಗಲೂ ಚುಚ್ಚುತ್ತದೆ. ಮನೆಗೆ ಬಂದು ಮಗನೆದುರಿಗೆ ತಪ್ಪನ್ನು ಒಪ್ಪಿಕೊಂಡೆವು. ಮಗಳ ಟಿಪ್ಪಣಿಗಳು ಮಾತ್ರ ತಿರುಗಿ ಬರಲಿಲ್ಲ.

ಆದುದರಿಂದ ನಮ್ಮ ಮೊದಲನೆಯ ಸೂತ್ರ: ಕಣ್ಣಿಗೆ ಕಾಣುವ ಭಾಗದಲ್ಲಿ ಉಳಿಸಿರಿ, ಕಾಣದ ಭಾಗದಲ್ಲಿ ಉಳಿಸಬೇಡಿರಿ. ಕಾಳಿಯ ನೀರು ಸೂಪಾದಲ್ಲಿ ನಿಂತು ನಾಗಝರಿಯಲ್ಲಿ ವಿದ್ಯುತ್ತಾಗುವುದು ನಿಜ. ಆದರೆ ಕಾಡಿನೊಳಗಿಂದ ಹಾಯ್ದು ಬರುವ ತಂತಿಯ ಮೇಲೆ ಕೊಂಬೆ ಮುರಿದು ಬಿದ್ದಾಗ ಅಣೆಕಟ್ಟಿನ ನೆರೆಯವರೆಂಬ ಹೆಮ್ಮೆಯಿಂದ ದೀಪ ಹತ್ತದು. ಮಳೆಗಾಲದ ಇಂಥ ಏರುಪೇರನ್ನು ತಾಳುವ ಭಾಗವನ್ನೇ ಮೊದಲು ಆರಿಸಬೇಕು. ಹೆಸರಾಂತ ತಯಾರಕರ, ೮೦ ಪ್ಲಸ್ ಗುರುತುಳ್ಳ ಎಸ್.ಎಂ.ಪಿ.ಎಸ್. ಕೊಳ್ಳಿರಿ. ಆ ಗುರುತು ವಿದ್ಯುತ್ತು ಎಷ್ಟು ಕಡಿಮೆ ಪೋಲಾಗುವುದೆಂಬುದನ್ನಷ್ಟೇ ಹೇಳುತ್ತದೆ. ಆದುದರಿಂದ ವಾರಂಟಿಯ ವರ್ಷಗಳನ್ನೂ ನೋಡಬೇಕು. ಮಿತವ್ಯಯದ ಯಂತ್ರವು ಮುಂದೆ ಸಾಧಾರಣ ಗ್ರಾಫಿಕ್ಸ್ ಕಾರ್ಡು ಹಾಕಿದರೂ ೩೦೦ ವಾಟಿನ ಆಚೀಚೆಯಲ್ಲಿಯೇ ನಿಲ್ಲುವುದರಿಂದ ೫೫೦ ವಾಟಿನದು ಧಾರಾಳವಾಯಿತು. ಸೋವಿ ಡಬ್ಬಿಯ ಮೇಲೆ ಬರೆದ ದೊಡ್ಡ ಅಂಕೆಗೆ ಮರುಳಾಗಬಾರದು.

ಇದರೊಡನೆ ಗೋಡೆಯ ಮೂರು ಕಣ್ಣಿನ ಪ್ಲಗ್ಗಿಗೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಶಿಯನ್ನರಿಂದ ಪರೀಕ್ಷೆ ಮಾಡಿಸಿರಿ. ಕ್ಯಾಬಿನೆಟ್ಟನ್ನು ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತಿದ್ದರೆ ಅದು ಅರ್ಥಿಂಗ್ ಇಲ್ಲದಿರುವುದರ ಸೂಚನೆಯೆಂದು ತಿಳಿಯತಕ್ಕದ್ದು. ಗ್ರಾಫಿಕ್ಸ್ ಕಾರ್ಡಿಲ್ಲದ ಯಂತ್ರಕ್ಕೆ ೬೦೦ ವಿ.ಎ. ಯು.ಪಿ.ಎಸ್. ಸಾಕು, ಅದು ಕೆಲಸ ಮುಂದುವರಿಸುವುದಕ್ಕಲ್ಲ, ಬರೆದುದನ್ನು ಉಳಿಸಿ ಯಂತ್ರವನ್ನು ಕ್ರಮವಾಗಿ ನಿಲ್ಲಿಸುವುದಕ್ಕೆ.

ಎರಡನೆಯದು ಪ್ರೊಸೆಸರು, ಎಂದರೆ ಯಂತ್ರದ ಬುದ್ಧಿ. ಇಲ್ಲಿ ಒಂದು ಅಕ್ಷರದಿಂದ ಮೋಸಹೋಗುವವರು ಬಹಳ. ೨೦೨೨ರಲ್ಲಿ ಬಂದ ಇಂಟೆಲ್ಲಿನ ಕೋರ್ ಐ೩-೧೨೧೦೦ಎಫ್ ಬೆಲೆಗೆ ತಕ್ಕ ಒಳ್ಳೆಯ ಪ್ರೊಸೆಸರೇ. ಆದರೆ ಕೊನೆಯ 'ಎಫ್' ಅಕ್ಷರವು ಅದರಲ್ಲಿ ಚಿತ್ರ ತೋರಿಸುವ ಭಾಗವಿಲ್ಲವೆಂಬುದಕ್ಕೆ ಗುರುತು. ಬೇರೆ ಗ್ರಾಫಿಕ್ಸ್ ಕಾರ್ಡು ಇಲ್ಲದಿದ್ದರೆ ಪರದೆಯು ಕಪ್ಪಾಗಿಯೇ ಉಳಿಯುವುದು. ೨೦೨೧ರ ಎ.ಎಂ.ಡಿ. ರೈಝೆನ್ ೫ ೫೬೦೦ಜಿ ಎಂಬುದರಲ್ಲಾದರೋ ಆರು ಕೋರುಗಳೂ ಚಿತ್ರದ ಭಾಗವೂ ಒಂದೇ ಚಿಪ್ಪಿನಲ್ಲಿವೆ. ಒಂದು ಕಡೆ ಪಾಠ, ಇನ್ನೊಂದು ಕಡೆ ಲೆಕ್ಕದ ಪುಟ ತೆರೆದಿಟ್ಟರೂ ಅದು ತಡವರಿಸದು. ಹಗುರವಾದ ಆಟಗಳನ್ನೂ ನಡೆಸುವುದು. ಹೊಸ ದೊಡ್ಡ ಆಟಗಳಿಗೆ ಮಾತ್ರ ಅದು ಸಾಲದು. ಹಳಿಯಾಳದಂಥ ಮನೆಗೆ ಇಂಥದರಿಂದ ಆರಂಭಿಸುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಪ್ರೊಸೆಸರಿನ ಕುಳಿಗೂ ಬೋರ್ಡಿಗೂ ಹೊಂದಿಕೆಯಾಗಬೇಕು. ೫೬೦೦ಜಿ ಕೂಡುವುದು ೨೦೧೬ರಲ್ಲಿ ಬಂದ ಎ.ಎಂ.೪ ಕುಳಿಯಲ್ಲಿ, ೨೦೨೨ರ ಎ.ಎಂ.೫ ಕುಳಿಯಲ್ಲಿ ಅದು ಕೂಡದು. ಮೊದಲನೆಯದಕ್ಕೆ ಡಿ.ಡಿ.ಆರ್.೪ ರ‍್ಯಾಮು, ಎರಡನೆಯದಕ್ಕೆ ಡಿ.ಡಿ.ಆರ್.೫. ಇವುಗಳ ಅಂಚಿನ ಕಚ್ಚುಗಳೇ ಬೇರೆಯಾಗಿರುವುದರಿಂದ ಒಂದರ ಮನೆಯಲ್ಲಿ ಇನ್ನೊಂದು ಕೂಡುವುದಿಲ್ಲ. ಎ.ಎಂ.೫ಕ್ಕೆ ಮುಂದೆ ಹೊಸ ಪ್ರೊಸೆಸರು ಹಾಕುವ ಅವಕಾಶವು ಹೆಚ್ಚು. ಆದರೆ ಇಂದಿನ ಖರ್ಚೂ ಹೆಚ್ಚು.

ರ‍್ಯಾಮಿನ ಬೆಲೆಯು ೨೦೨೫ರ ಕೊನೆಯಲ್ಲಿ ಬಹಳವಾಗಿ ಏರಿತು. ಕೃತಕ ಬುದ್ಧಿಯ ದೊಡ್ಡ ಕೇಂದ್ರಗಳಿಗಾಗಿ ಜಗತ್ತಿನ ತಯಾರಕರು ತಮ್ಮ ಶಕ್ತಿಯನ್ನು ತಿರುಗಿಸಿದುದರ ಬಿಸಿ ಹಳಿಯಾಳದ ತಾಯಿಯ ಕೈಚೀಲಕ್ಕೂ ತಟ್ಟುವಂತಾಯಿತು. ಆದರೂ ಹಲವು ಕೆಲಸಗಳು ಒಟ್ಟಿಗೆ ನಡೆಯಬೇಕಾದ ಮನೆಗೆ ೧೬ ಜಿಬಿ ಬೇಕೇ ಬೇಕು. ಅದನ್ನು ೧೬ರ ಒಂದೇ ಪಟ್ಟಿಯಾಗಿ ಕೊಳ್ಳದೆ ೮ರ ಎರಡು ಪಟ್ಟಿಗಳಾಗಿ ಕೊಳ್ಳಿರಿ. ಒಳಗಿನ ಚಿತ್ರದ ಭಾಗವು ಇದೇ ರ‍್ಯಾಮನ್ನು ಹಂಚಿಕೊಳ್ಳುವುದರಿಂದ, ಎರಡು ಬಾಗಿಲುಗಳಿದ್ದರೆ ಆಟವು ಎದ್ದುಕಾಣುವಷ್ಟು ಸರಾಗವಾಗುವುದು. ಅಷ್ಟು ಹಣವಿಲ್ಲದಿದ್ದರೆ ಅಂಗಡಿಯಲ್ಲಿ ನಡೆಸಿ ತೋರಿಸಿದ ಹಳೆಯ ಪಟ್ಟಿಗಳನ್ನು ಕೊಳ್ಳುವುದರಲ್ಲಿ ದೋಷವಿಲ್ಲ. ಸಂಗ್ರಹಕ್ಕೆ ತಿರುಗುವ ಡಿಸ್ಕಿನ ಬದಲು ಎನ್.ವಿ.ಎಂ.ಇ. ಜಾತಿಯ ಎಸ್.ಎಸ್.ಡಿ. ಆರಿಸಿರಿ, ಹಳೆಯ ಡಿಸ್ಕಿನಲ್ಲಿ ನಿಮಿಷಗಟ್ಟಲೆ ಕಾಯಿಸುತ್ತಿದ್ದ ಯಂತ್ರವು ಕೆಲವೇ ಕ್ಷಣಗಳಲ್ಲಿ ಸಿದ್ಧವಾಗುವುದು.

ಗ್ರಾಫಿಕ್ಸ್ ಕಾರ್ಡನ್ನು ಮೊದಲ ದಿನವೇ ಕೊಳ್ಳುವ ಅಗತ್ಯವಿಲ್ಲ. ಬೋರ್ಡಿನಲ್ಲಿ ಅದರ ಸ್ಥಳವಿರುವುದು, ಎಸ್.ಎಂ.ಪಿ.ಎಸ್. ಅದಕ್ಕೆ ಸಿದ್ಧವಿರುವುದು. ಹಬ್ಬದ ಹಣವೋ ಬಹುಮಾನದ ಹಣವೋ ಕೂಡಿಬಂದಾಗ ಹುಡುಗನು ತಾನೇ ಕೊಳ್ಳಲಿ. ಹಳೆಯದನ್ನು ಕೊಳ್ಳುವಾಗ ಎಚ್ಚರ ಬೇಕು: ೨೦೨೨ರ ಸಪ್ಟೆಂಬರಿನಲ್ಲಿ ಈಥರಿಯಮ್ ಎಂಬ ನಾಣ್ಯವನ್ನು ಕಾರ್ಡುಗಳಿಂದ ಗಳಿಸುವ ಕ್ರಮವು ನಿಂತ ಮೇಲೆ, ಹಗಲಿರುಳು ದುಡಿದ ಅನೇಕ ಕಾರ್ಡುಗಳು ಪೇಟೆಗೆ ಬಂದವು. ಅರ್ಧ ತಾಸು ಭಾರವಾದ ಆಟವನ್ನು ನಡೆಸಿ ನೋಡದೆ ಹಣ ಕೊಡಬಾರದು.

ಲೆಕ್ಕದಲ್ಲಿ ಮರೆತುಹೋಗುವ ಬಾಬುಗಳೂ ಉಂಟು. ಪರದೆ, ಕೀಲಿಮಣೆ, ಯು.ಪಿ.ಎಸ್. ಮತ್ತು ವಿಂಡೋಸಿನ ಪರವಾನಿಗೆಯನ್ನು ಪಟ್ಟಿಯಲ್ಲಿ ಮೊದಲೇ ಬರೆದಿಡಿರಿ. ವಿಂಡೋಸ್ ೧೦ರ ಸಾಮಾನ್ಯ ರಕ್ಷಣೆಯು ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿದಿರುವುದರಿಂದ ಹಳೆಯ ಪ್ರತಿಯನ್ನು ನೆಚ್ಚಬೇಡಿರಿ. ಪರವಾನಿಗೆಯ ಹಣ ಭಾರವೆನಿಸಿದರೆ ಉಬುಂಟು ಉಚಿತವಾಗಿ ದೊರೆಯುವುದು. ಅದರಲ್ಲಿ ಕನ್ನಡವನ್ನೂ ಬರೆಯಬಹುದು. ಆದರೆ ಹುಡುಗನು ಬಯಸುವ ಆಟಗಳು ಅದರಲ್ಲಿ ನಡೆಯುವವೇ ಎಂದು ಮೊದಲು ನೋಡಿಕೊಳ್ಳಬೇಕು. ಪ್ರತಿಯೊಂದು ಭಾಗಕ್ಕೂ ಜಿ.ಎಸ್.ಟಿ. ಬಿಲ್ಲು ಕೇಳಿ ಪಡೆದು, ಡಬ್ಬಿಯೊಡನೆ ಜೋಪಾನವಾಗಿಡಿರಿ.

ಯಂತ್ರವು ಸಿದ್ಧವಾದ ಮೇಲೆ ಅದನ್ನು ಒದ್ದೆ ಗೋಡೆಗೆ ತಾಗಿಸಿ ಇಡಬಾರದು. ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿಡದೆ ದಿನವೂ ಸ್ವಲ್ಪ ಹೊತ್ತು ನಡೆಸಿದರೆ ಒಳಗಿನ ಶಾಖವೇ ತೇವವನ್ನು ಕಳೆಯುವುದು. ಹಿಂಬದಿಯ ತೆರೆದ ಸೀಳುಗಳಿಗೆ ಮುಚ್ಚಳ ಹಾಕಿರಿ. ಹಲ್ಲಿ, ಇರುವೆಗಳಿಗೆ ಆ ಬೆಚ್ಚನೆಯ ಮನೆ ಬಹು ಪ್ರಿಯ. ಸಿಡಿಲಿನ ಸದ್ದು ಕೇಳುವ ಮೊದಲೇ, ಮೋಡ ಕವಿದಾಗಲೇ, ಪ್ಲಗ್ಗನ್ನೂ ಇಂಟರ್‌ನೆಟ್ಟಿನ ತಂತಿಯನ್ನೂ ತೆಗೆದಿಡಿರಿ. ಮಗಳ ಟಿಪ್ಪಣಿಗಳ, ಅಂಗಡಿಯ ಲೆಕ್ಕದ ಇನ್ನೊಂದು ಪ್ರತಿಯು ವಾರಕ್ಕೊಮ್ಮೆ ಬೇರೆ ಡಿಸ್ಕಿಗೆ ಸೇರಲಿ. ನಮ್ಮ ಮನೆಯಲ್ಲಿ ಇದು ಈಗ ರವಿವಾರದ ಕೆಲಸವಾಗಿದೆ.

ಹಳಿಯಾಳದ ಭಗಿನಿಯವರಿಗೆ ಕೊನೆಯ ಮಾತು. ಭಾಗಗಳ ಪಟ್ಟಿಯನ್ನು ಮಗನೇ ಬರೆಯಲಿ. ಪ್ರತಿಯೊಂದರ ಮುಂದೆ ಅದೇಕೆ ಬೇಕೆಂಬ ಕಾರಣವನ್ನೂ ಬರೆದು ಮನೆಯವರೆಲ್ಲರ ಎದುರಿಗೆ ಓದಲಿ. ಕಾರಣ ಹೇಳಲಾಗದ ವಸ್ತುವನ್ನು ಬಿಡಿಸಿರಿ; ಕಾರಣ ಹೇಳಿದುದನ್ನು ಬೆಲೆಯೊಂದನ್ನೇ ನೋಡಿ ತಡೆಯಬೇಡಿರಿ. ಪಾಠಕ್ಕೆ, ಲೆಕ್ಕಕ್ಕೆ, ಆಟಕ್ಕೆ ವೇಳೆಯನ್ನು ಮೊದಲೇ ಹಂಚಿರಿ. ಜೋಡಿಸುವ ದಿನ ಯಜಮಾನರೂ ಮಗನ ಪಕ್ಕದಲ್ಲಿ ಕುಳಿತು ಸ್ಕ್ರೂಗಳನ್ನು ಎಣಿಸಿ ಕೊಡಲಿ, ಮಗಳೂ ಕೈಗೂಡಿಸಲಿ. ಮುಂದೆ ಯಂತ್ರವು ಕೆಟ್ಟರೆ ಯಾರನ್ನು ಬೈಯಬೇಕೆಂಬ ಪ್ರಶ್ನೆಗಿಂತ ಯಾವ ಭಾಗವನ್ನು ಬಿಚ್ಚಬೇಕೆಂಬ ಪ್ರಶ್ನೆಯೇ ಆ ಮನೆಯಲ್ಲಿ ಮೊದಲು ಏಳುವುದು.